ಹೆಗಲಿಗೆ ಹೊಂದುವ ಯಂತ್ರ

ಸೋಣ ತಿಂಗಳಲ್ಲಿ ಮಳೆ ಎರಡು ದಿನ ಹೊಳವಾದರೆ ಸಾಕು, ಕಟಪಾಡಿಯ ನಾಲ್ಕೂ ದಿಕ್ಕಿನಿಂದ ಒಂದೇ ಸದ್ದು ಕೇಳುತ್ತದೆ. ಮಟ್ಟುವಿಗೆ ಹೋಗುವ ದಾರಿಯ ತೆಂಗಿನ ತೋಟಗಳಲ್ಲಿ, ಶಂಕರಪುರದ ಮಲ್ಲಿಗೆ ಹಿತ್ತಿಲುಗಳ ಆಚೆ, ಮುಂಬಯಿಗೆ ಹೋದವರ ಬೀಗ ಹಾಕಿದ ಮನೆಗಳ ಸುತ್ತ ಹುಲ್ಲು ಹೆರೆಯುವ ಯಂತ್ರದ ಸದ್ದು. ಹಿಂದೆ ಇದೇ ಹುಲ್ಲನ್ನು ಹಟ್ಟಿಯ ದನಗಳಿಗೆಂದು ಹೆಂಗಸರು ದಿನಕ್ಕೊಂದು ಹೊರೆಯಂತೆ ಕತ್ತಿಯಲ್ಲಿ ಕೊಯ್ದು ತರುತ್ತಿದ್ದರು. ಬೆಳೆದದ್ದು ಅಂದಂದಿಗೇ ಮುಗಿಯುತ್ತಿತ್ತು. ಈಗ ಹಟ್ಟಿ ಖಾಲಿ. ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನಲ್ಲಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಮೇಯುವ ಬಾಯಿ ಇಲ್ಲದ ಹುಲ್ಲು ಎರಡು ತಿಂಗಳಲ್ಲಿ ಸೊಂಟ ಮುಟ್ಟುತ್ತದೆ. ಯಂತ್ರ ಬಂದು ಕೂತದ್ದು ಆ ಖಾಲಿ ಹಟ್ಟಿಯ ಜಾಗದಲ್ಲಿ. ಅದು ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದನ್ನು ನಾವು ಆರಿಸುವ ಕ್ರಮ, ಇನ್ನೊಬ್ಬರ ಹೆಗಲಿಗೆ ಏರಿಸುವ ಕ್ರಮ ಮಾತ್ರ ಸರಿಯಿಲ್ಲ.

ಅಂಗಡಿಯಲ್ಲಿ ನಮ್ಮ ಮೊದಲ ಪ್ರಶ್ನೆ, "ಎಷ್ಟು ಸಿಸಿ?" ಎರಡನೆಯದು, "ಎಷ್ಟಕ್ಕೆ ಕೊಡ್ತೀರಿ?" ಜಾಗ ಎಂಥದ್ದು, ಹೊರುವವರು ಯಾರು ಎಂಬ ಮಾತು ಅಲ್ಲಿ ಬರುವುದೇ ಇಲ್ಲ. ಕೆಲವರಿಗೆ ಕೂತು ಓಡಿಸುವ ಯಂತ್ರದ ಆಸೆ. ಮಣಿಪಾಲದಲ್ಲಿರುವಂಥ ಸಮತಟ್ಟಾದ ಹುಲ್ಲುಹಾಸಿಗೆ ಚಕ್ರದ ಯಂತ್ರ ಸರಿ. ನಮ್ಮ ತೋಟಗಳಲ್ಲಿ ನಾಲ್ಕು ಹೆಜ್ಜೆಗೊಂದು ತೆಂಗಿನ ಬುಡದ ಗುಂಡಿ, ಅಗಳು, ಕಟ್ಟಹುಣಿ, ಬಿದ್ದ ಮಡಲು, ಪಾಗಾರದಿಂದ ಉದುರಿದ ಮುರಕಲ್ಲಿನ ಚೂರು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುವ ಹಾಗೆ 7.5 ಮೀಟರ್ ಅಂತರದಲ್ಲಿ ಸಾಲು ಹಿಡಿದು ನೆಟ್ಟ ತೋಟವಾದರೆ ಸಣ್ಣ ಟ್ರ್ಯಾಕ್ಟರ್ ಹಿಂದೆ ಸ್ಲ್ಯಾಷರ್ ಕಟ್ಟಿ ನುಗ್ಗಿಸಬಹುದು. ಅಜ್ಜಂದಿರು ಕಂಡಕಂಡಲ್ಲಿ ಸಸಿ ಇಟ್ಟ ತೋಟದಲ್ಲಿ ಅದೂ ನಡೆಯದು. ಹಾಗಾಗಿ ಹೆಗಲಿಗೆ ನೇತುಹಾಕುವ ವೀಡ್ ಕಟ್ಟರೇ ನಮಗೆ ಗತಿ, ಮತ್ತು ಅದೇ ಒಳ್ಳೆಯದು.

ಇಂಜಿನ್ನಿನ ವಿಷಯ ಬೇಗ ಮುಗಿಸುತ್ತೇನೆ. ಟೂ-ಸ್ಟ್ರೋಕ್ ಹಗುರ, ಬಲವೂ ಚೆನ್ನಾಗಿದೆ. ಆದರೆ ಪೆಟ್ರೋಲಿಗೆ ಎಣ್ಣೆ ಅಳೆದು ಬೆರೆಸಬೇಕು. 1:50 ಎಂದರೆ ಲೀಟರಿಗೆ 20 ಮಿ.ಲೀ., 1:25 ಎಂದರೆ 40. ಕಣ್ಣಂದಾಜಿನಲ್ಲಿ ಸುರಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಫೋರ್-ಸ್ಟ್ರೋಕ್‌ಗೆ ಈ ಬೆರಕೆಯ ಕಾಟವಿಲ್ಲ, ಹೊಗೆಯೂ ಕಡಿಮೆ. ಹೋಂಡಾದ 35.8 ಸಿಸಿ ಇಂಜಿನ್ ಯಾವ ಕೋನಕ್ಕೆ ವಾಲಿಸಿದರೂ ಓಡುವಂತೆ ಮಾಡಿದ್ದು. ಬೇರೆ ಬೇರೆ ಕೈಗಳಲ್ಲಿ ತಿರುಗುವ ಯಂತ್ರಕ್ಕೆ ನನ್ನ ಮತ ಫೋರ್-ಸ್ಟ್ರೋಕ್‌ಗೆ. ಒಬ್ಬರೇ, ಲೆಕ್ಕ ತಪ್ಪದೆ ಬಳಸುವುದಾದರೆ ಟೂ-ಸ್ಟ್ರೋಕ್ ಕೂಡ ಬಾಳುತ್ತದೆ. ಬೆನ್ನಿಗೆ ಹೊರುವ ಮಾದರಿ ಕಾರ್ಕಳದ ಕಡೆಯ ಇಳಿಜಾರಿನ ತೋಟಗಳಿಗೆ ಇರಲಿ. ನಮ್ಮ ಬೈಲಿನ ಜಾಗಕ್ಕೆ ಆ ಹೆಚ್ಚಿನ ಭಾರ ಬೇಡ.

ನಿಜವಾದ ಆಯ್ಕೆ ಇರುವುದು ದಂಡದ ಆ ತುದಿಯಲ್ಲಿ. ನಮ್ಮಲ್ಲಿ ಹೆಚ್ಚಿನವರು ಒಂದೇ ತಲೆಯನ್ನು ವರ್ಷವಿಡೀ ಬಳಸುತ್ತಾರೆ. ಎಳೆ ಹುಲ್ಲಿಗೆ, ಕಲ್ಲು ಹೆಚ್ಚಿರುವ ಪಾಗಾರದ ಬದಿಗೆ ನೈಲಾನ್ ದಾರ. ಸೊಂಟದೆತ್ತರ ಬೆಳೆದ ಒರಟು ಹುಲ್ಲಿಗೆ, ಹೆಣೆದುಕೊಂಡ ನಾಚಿಕೆ ಮುಳ್ಳಿಗೆ ಎರಡು ಅಥವಾ ಮೂರು ಹಲ್ಲಿನ ಬ್ಲೇಡ್. ಕಮ್ಯುನಿಸ್ಟ್ ಗಿಡದ ಬಲಿತ ಕಾಂಡಕ್ಕೆ ಗರಗಸದಂತೆ ಸುತ್ತಲೂ ಹಲ್ಲಿರುವ ದುಂಡು ಬ್ಲೇಡ್. ಮೂರನ್ನೂ ಒಟ್ಟಿಗೇ ಕೊಂಡರೂ ಯಂತ್ರದ ಬೆಲೆಯ ಮುಂದೆ ಅದು ದೊಡ್ಡ ಮೊತ್ತವಲ್ಲ. ದಾರವೆಂದರೆ ನಿರಪಾಯ ಎಂಬ ನಂಬಿಕೆ ನನಗೂ ಇತ್ತು. ನಮ್ಮ ಹಿತ್ತಿಲಿನಲ್ಲಿ ಎರಡು ವರ್ಷದ ಹಲಸಿನ ಕಸಿಗಿಡದ ಬುಡಕ್ಕೆ ದಾರ ಸುತ್ತಲೂ ತಾಗಿತ್ತು. ಅಂದು ಏನೂ ಕಾಣಲಿಲ್ಲ. ಕೆಲವು ವಾರ ಕಳೆದು ಎಲೆ ಬಾಡಿತು. ಬಗ್ಗಿ ನೋಡಿದರೆ ತೊಗಟೆ ಉಂಗುರದಂತೆ ಸುಲಿದುಹೋಗಿತ್ತು. ಮಲ್ಲಿಗೆ ಗಿಡಕ್ಕೂ ಅದೇ ಅಪಾಯ. ಎಳೆ ಗಿಡಗಳ ಸುತ್ತ ಒಂದು ಮಾರು ಜಾಗವನ್ನು ಇವತ್ತಿಗೂ ಕತ್ತಿಗೇ ಬಿಡಬೇಕು.

ಇನ್ನು ಹೆಗಲಿನ ಮಾತು. ಏಳೆಂಟು ಕೆ.ಜಿ. ಭಾರವನ್ನು ಒಂದೇ ಪಟ್ಟಿಯಲ್ಲಿ ಒಂದೇ ಹೆಗಲಿಗೆ ತೂಗಿಸಿ, ಅರ್ಧವನ್ನು ಕೈಯಲ್ಲಿ ಎತ್ತಿ ಹಿಡಿದು ಗಂಟೆಗಟ್ಟಲೆ ದುಡಿಯುವವರನ್ನು ದಿನವೂ ಕಾಣುತ್ತೇವೆ. ಎರಡೂ ಹೆಗಲಿಗೆ ಭಾರ ಹಂಚುವ ಪಟ್ಟಿ ಬೇಕು. ದಂಡದ ಮೇಲಿನ ಕೊಂಡಿಯನ್ನು ಸರಿಸುತ್ತ ಹೋಗಿ, ಕೈ ಬಿಟ್ಟರೂ ತಲೆ ನೆಲಕ್ಕೆ ತಾಗಿಯೂ ತಾಗದಂತೆ ನಿಲ್ಲುವಲ್ಲಿ ಬಿಗಿಯಬೇಕು. ಗರಗಸದ ಬ್ಲೇಡಾದರೆ ನೆಲದಿಂದ ಒಂದು ಗೇಣು ಮೇಲೆ. ಇಷ್ಟು ಹೊಂದಿಸಿದರೆ ಕೈಗೆ ಉಳಿಯುವುದು ದಿಕ್ಕು ತೋರಿಸುವ ಕೆಲಸ ಮಾತ್ರ. ಸಾಮಾನ್ಯವಾಗಿ ಬ್ಲೇಡ್ ಮೇಲಿನಿಂದ ನೋಡಿದರೆ ಎಡಕ್ಕೆ ಸುತ್ತುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಬೀಸಿದರೆ ಕಡಿದ ಹುಲ್ಲು ಎಡಬದಿಯಲ್ಲಿ ಸಾಲಾಗಿ ಬೀಳುತ್ತದೆ, ಮುಂದಿನ ಜಾಗ ಕಾಣುತ್ತದೆ. ಬ್ಲೇಡಿನ ಮುಂಭಾಗದ ಬಲಬದಿ ಗಟ್ಟಿ ಬೇರಿಗೋ ಕಲ್ಲಿಗೋ ತಾಗಿದರೆ ಯಂತ್ರ ರಪ್ಪನೆ ಒದೆಯುತ್ತದೆ. ಮಾರುವವರು ಇದನ್ನೆಲ್ಲ ಐದು ನಿಮಿಷ ನಿಂತು ತೋರಿಸಬೇಕು. ತಯಾರಕರ ಕೈಪಿಡಿಗಳು ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು ಎನ್ನುತ್ತವೆ. ನಮ್ಮಲ್ಲಿ ಮಕ್ಕಳು ಪಕ್ಕದಲ್ಲೇ ನಿಂತು ನೋಡುತ್ತಾರೆ, ಕೆಲಸದವರ ಕಣ್ಣಿಗೆ ಕನ್ನಡಕವಿಲ್ಲ, ಕಾಲಿಗೆ ಹವಾಯಿ ಚಪ್ಪಲಿ. ಒಂದು ಕಣ್ಣು ಹೋಗಲು ಸಿಡಿದ ಮುರಕಲ್ಲಿನ ಒಂದು ಚೂರು ಸಾಕು.

ಕೆಲಸ ಚೆನ್ನಾಗಿದೆ ಎಂದು ನಾವು ಮೆಚ್ಚುವ ಬಗೆಯನ್ನೂ ನಾನು ಒಪ್ಪಲಾರೆ. ಕೆಂಪು ಮಣ್ಣು ಕಾಣುವಷ್ಟು ನುಣ್ಣಗೆ ಹೆರೆದರೆ ಸೈ ಎನ್ನುತ್ತೇವೆ. ಮರುದಿನ ಜಡಿಮಳೆ ಬಂದರೆ ಆ ಮಣ್ಣು ತೋಡಿಗೆ ಹೋಗುತ್ತದೆ. ಮೂರು ಇಂಚು ಉಳಿಸಿ, ಹೂ ಬಿಟ್ಟು ಬೀಜ ಕಟ್ಟುವ ಮೊದಲು ಕಡಿಯಬೇಕು. ಕಡಿದದ್ದನ್ನು ಗುಡ್ಡೆ ಹಾಕಿ ಸುಡದೆ ತೆಂಗಿನ ಬುಡಕ್ಕೆ ಹೊದಿಸಬೇಕು. ಕಳೆನಾಶಕ ಹೊಡೆದರೆ ಅಗ್ಗ ಎನ್ನುವವರಿದ್ದಾರೆ. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರವೇ 2022ರ ಅಕ್ಟೋಬರಿನಲ್ಲಿ ನಿರ್ಬಂಧಿಸಿದೆ. ಬಾವಿ ತೋಟದ ನಡುವೆಯೇ ಇರುವ ನಮ್ಮ ಮನೆಗಳಿಗೆ ಆ ದಾರಿ ಬೇಡವೇ ಬೇಡ. ನಾಗಬನದ ಅಂಚಿಗೆ ಬಂದಾಗ ಯಂತ್ರ ನಿಲ್ಲಲಿ. ತೋಟದಲ್ಲಿ ಕತ್ತಿ ಕಾಣದೆ ಬೆಳೆಯುವ ಜಾಗ ಅದೊಂದೇ ಉಳಿದಿದೆ.

ಮಳೆಗಾಲ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ತೇವ ಹೀರುತ್ತದೆ; ನಮ್ಮ ಕಡಲಬದಿಯ ಗಾಳಿಯಲ್ಲಿ ತಿಂಗಳುಗಟ್ಟಲೆ ನಿಂತರೆ ಕಾರ್ಬುರೇಟರ್ ಕಟ್ಟುತ್ತದೆ. ವರ್ಷಕ್ಕೆ ಎರಡೇ ಸಲ ಬೇಕಾಗುವವರು ಕೊಳ್ಳಲೇಬೇಕೆಂದಿಲ್ಲ, ಗಂಟೆ ಲೆಕ್ಕದಲ್ಲಿ ಯಂತ್ರ ತಂದು ಮಾಡಿಕೊಡುವವರು ಊರೂರಲ್ಲಿ ಇದ್ದಾರೆ. ಕೊಳ್ಳುವುದೇ ಆದರೆ ಒಂದು ವಿನಂತಿ: ಅಂಗಡಿಗೆ ಹೋಗುವಾಗ ಯಂತ್ರ ಹೊರುವವರನ್ನು ಜತೆಗೆ ಕರೆದುಕೊಂಡು ಹೋಗಿ. ಅವರ ಹೆಗಲಿಗೆ ಪಟ್ಟಿ ಹಾಕಿಸಿ, ಹತ್ತು ಹೆಜ್ಜೆ ನಡೆಸಿ, ಅವರು ಆಗಬಹುದು ಎಂದ ಮೇಲೆ ದುಡ್ಡು ಕೊಡಿ.