ಎಮು ಯುದ್ಧದಲ್ಲಿ ನಾನು ಬಿಟ್ಟ ಪ್ಯಾರಾ

ವಿಕಿಪೀಡಿಯದಲ್ಲಿ ಸಿಕ್ಕ ವಿಚಿತ್ರ ಸಂಗತಿಗಳನ್ನು ಹೆಕ್ಕಿ ಹಂಚುವುದು ಈಗ ಒಂದು ಬರವಣಿಗೆಯ ಪ್ರಕಾರವೇ ಆಗಿಬಿಟ್ಟಿದೆ. 2020ರಲ್ಲಿ ಆನಿ ರಾವೆರ್ಡಾ ಇನ್‌ಸ್ಟಾಗ್ರಾಂನಲ್ಲಿ ಶುರುಮಾಡಿದ ‘ಡೆಪ್ತ್ಸ್ ಆಫ್ ವಿಕಿಪೀಡಿಯ’ ಅದನ್ನು ಜನಪ್ರಿಯಗೊಳಿಸಿತು. ಒಂದೇ ಕಂಪನಿಯ ಹಿಡಿತದಲ್ಲಿಲ್ಲದ, ಸಾವಿರಾರು ಸರ್ವರ್‌ಗಳು ಸೇರಿ ನಡೆಸುವ ಮಾಸ್ಟೊಡಾನ್‌ನಲ್ಲೂ ಇಂಥ ಪೋಸ್ಟುಗಳು ಕಾಣಸಿಗುತ್ತವೆ. ನಾನೂ ಅವನ್ನು ಆಸೆಯಿಂದ ಓದುತ್ತೇನೆ, ಹಂಚುತ್ತೇನೆ. ಆದರೆ ಈ ಪ್ರಕಾರದ ಬಗ್ಗೆ ನನ್ನದೊಂದು ತಕರಾರಿದೆ. ಅದು ಮೊದಲು ನನ್ನ ಮೇಲೆಯೇ.

ನಾನು ಹಂಚಲು ಹೊರಟದ್ದು ‘ಎಮು ಯುದ್ಧ’ದ ಪುಟ. 1932ರ ನವೆಂಬರಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಹೊಲಗಳಿಗೆ ನುಗ್ಗಿದ ಎಮುಗಳನ್ನು ಕೊಲ್ಲಲು ಮೇಜರ್ ಮೆರೆಡಿತ್ ಎಂಬಾತನ ನೇತೃತ್ವದಲ್ಲಿ ಸೈನಿಕರು ಬಂದರು. ಜೊತೆಗೆ 2 ಲೂಯಿಸ್ ಮೆಷಿನ್‌ಗನ್, 10,000 ಗುಂಡು. ಹಕ್ಕಿಗಳು ಚದುರಿ ಓಡಿದವು, ಗುಂಡು ವ್ಯರ್ಥವಾಯಿತು. ವಿಶ್ವಕೋಶ ಇದನ್ನೆಲ್ಲ ನಿಜವಾದ ಯುದ್ಧವನ್ನು ವರ್ಣಿಸುವ ದನಿಯಲ್ಲೇ ಹೇಳುತ್ತದೆ. ನಗು ಹುಟ್ಟುವುದು ಆ ಗಾಂಭೀರ್ಯದಿಂದ. ನಾಲ್ಕು ಸಾಲು ಕತ್ತರಿಸಿ ಸ್ಕ್ರೀನ್‌ಶಾಟ್ ತೆಗೆದೆ.

ಮಾಸ್ಟೊಡಾನ್‌ನಲ್ಲಿ ಒಂದು ರೂಢಿಯಿದೆ: ಚಿತ್ರ ಹಾಕಿದರೆ, ಕಣ್ಣು ಕಾಣದವರಿಗೂ ತಿಳಿಯುವಂತೆ ಅದರ ವಿವರಣೆಯನ್ನು ಅಕ್ಷರದಲ್ಲಿ ಬರೆಯಬೇಕು. ಸಾಲುಗಳನ್ನು ಟೈಪ್ ಮಾಡಲು ಮತ್ತೆ ಪುಟ ತೆರೆದಾಗ ನಾನು ಬಿಟ್ಟ ಪ್ಯಾರಾ ಕಣ್ಣಿಗೆ ಬಿತ್ತು. ಆ ರೈತರಲ್ಲಿ ಬಹಳ ಮಂದಿ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು. ಅವರಿಗೆ ಸಿಕ್ಕಿದ್ದು ಬೇಸಾಯಕ್ಕೆ ಅಷ್ಟೇನೂ ಒಗ್ಗದ ನೆಲ. ಆರ್ಥಿಕ ಕುಸಿತದಿಂದ ಗೋಧಿಯ ಬೆಲೆ ಬಿದ್ದಿತ್ತು, ಸರ್ಕಾರ ಹೇಳಿದ್ದ ನೆರವು ಬಂದಿರಲಿಲ್ಲ. ಮೆಷಿನ್‌ಗನ್ ಬೇಕೆಂದು ಕೇಳಿದವರು ಅವರೇ. ಅದು ಏನು ಮಾಡಬಲ್ಲದೆಂದು ರಣರಂಗದಲ್ಲಿ ಕಂಡಿದ್ದವರು.

ನಾನು ಕತ್ತರಿಸಿದ ಸಾಲುಗಳಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹಕ್ಕಿಗಳು ಉಳಿದು ಮನುಷ್ಯರು ಬಿಟ್ಟುಹೋಗಿದ್ದರು. ಹೆಕ್ಕುವವನು ಸಂಕಲನಕಾರನೂ ಹೌದು. ಏನನ್ನು ಆರಿಸಿದ ಎಂದು ಕೇಳುವಂತೆ ಏನನ್ನು ಬಿಟ್ಟ ಎಂದೂ ಅವನನ್ನು ಕೇಳಬೇಕು. ಇನ್ನೊಂದು ಮಾತು. ವಿಕಿಪೀಡಿಯದ ಪುಟವನ್ನು ಯಾರಾದರೂ ತಿದ್ದಬಹುದು, ತಿದ್ದಿದ್ದರ ಇತಿಹಾಸವನ್ನೂ ನೋಡಬಹುದು. ಸ್ಕ್ರೀನ್‌ಶಾಟ್‌ನಲ್ಲಿ ತಪ್ಪಿದ್ದರೆ ಅದು ತಪ್ಪಾಗಿಯೇ ಸುತ್ತುತ್ತಿರುತ್ತದೆ.

ದೊಡ್ಡ ಜಾಲಗಳಲ್ಲಿ ಹೀಗಾದರೆ ಅಲ್ಗಾರಿದಂ ಅನ್ನು ದೂರುತ್ತೇವೆ. ಮಾಸ್ಟೊಡಾನ್‌ನ ಮುಖಪುಟದಲ್ಲಿ ನಾವು ಹಿಂಬಾಲಿಸುವವರ ಪೋಸ್ಟುಗಳು ಬರೆದ ಹೊತ್ತಿನ ಕ್ರಮದಲ್ಲೇ ಬರುತ್ತವೆ. ಅಲ್ಲಿ ಆ ನೆಪವಿಲ್ಲ. ಕತ್ತರಿ ನಮ್ಮ ಕೈಯಲ್ಲೇ ಇರುತ್ತದೆ.

ನಗಬಾರದೆಂದು ನಾನು ಹೇಳುತ್ತಿಲ್ಲ. ಎಮುಗಳ ಓಟ ನೆನೆದರೆ ಈಗಲೂ ನಗು ಬರುತ್ತದೆ. ಕೊನೆಗೆ ಚಿತ್ರ ಬಿಟ್ಟು ಪುಟದ ಕೊಂಡಿ ಹಾಕಿದೆ, ರೈತರ ಬಗ್ಗೆ ಎರಡು ಸಾಲು ಸೇರಿಸಿದೆ. ಮಾಸ್ಟೊಡಾನ್ ಸಾಮಾನ್ಯವಾಗಿ ಕೊಡುವ 500 ಅಕ್ಷರಗಳಲ್ಲಿ ಹಕ್ಕಿಗಳಿಗೂ ರೈತರಿಗೂ ಜಾಗ ಸಿಕ್ಕಿತು.