ರಾಗಿ ಮನೆಗೆ ಬಂತಾ?

ವನ್ಯಜೀವಿ ಸಂರಕ್ಷಣೆಗೆ ಅನುದಾನ ಪಡೆದವರ ಎಷ್ಟೋ ವರದಿಗಳು ಒಂದೇ ಥರ ಇರುತ್ತವೆ. ಇಷ್ಟು ಕಿಲೋಮೀಟರ್ ಆನೆ ಕಂದಕ, ಇಷ್ಟು ಸೋಲಾರ್ ಬೇಲಿ, ಇಷ್ಟು ಶಾಲೆಗಳಲ್ಲಿ ಜಾಗೃತಿ ಶಿಬಿರ, ಕೊನೆಗೆ ಬ್ಯಾನರ್ ಹಿಡಿದು ನಿಂತ ಫೋಟೋ. ಇದೆಲ್ಲ ಖರ್ಚಿನ ಲೆಕ್ಕ. ಫಲಿತಾಂಶ ಎಲ್ಲಿ? ಹತ್ತು ಸಾವಿರ ಸಾಲು ಕೋಡ್ ಬರೆದೆ ಅಂತ ಹೇಳಿದರೆ ನಮ್ಮ ಮ್ಯಾನೇಜರ್ ಒಪ್ಪುತ್ತಾರಾ? ಅದು ಓಡುತ್ತಾ ಅಂತ ತಾನೇ ಕೇಳೋದು.

ಕಂದಕವನ್ನೇ ತಗೊಳ್ಳಿ. ಕಾಡಂಚಿನ ಹಳ್ಳಿಯವರಿಗೆ ಗೊತ್ತು, ಮಳೆಗೆ ದಂಡೆ ಕುಸಿಯುತ್ತೆ, ಆನೆಯೂ ಮಣ್ಣು ತಳ್ಳಿ ದಾರಿ ಮಾಡ್ಕೊಳ್ಳುತ್ತೆ. ವರದಿಯಲ್ಲಿ ಮಾತ್ರ ಆ ಕಂದಕ ಹೊಸದಾಗೇ ಉಳಿದಿರುತ್ತೆ. ಬೆಳೆದ ರಾಗಿ ಮನೆಗೆ ಬಂತಾ ಅನ್ನೋ ಕಾಲಂ ಅದರಲ್ಲಿ ಇರೋದೇ ಇಲ್ಲ.

ಅಳತೆ ಕೆಟ್ಟರೆ ಏನಾಗುತ್ತೆ ಅನ್ನೋದಕ್ಕೆ ರಾಜಸ್ಥಾನದ ಸರಿಸ್ಕಾ ಸಾಕು. 2004ರ ಅಧಿಕೃತ ಲೆಕ್ಕದಲ್ಲಿ ಅಲ್ಲಿ 16ರಿಂದ 18 ಹುಲಿ. 2005ರಲ್ಲಿ ಒಂದೂ ಇಲ್ಲ ಅನ್ನೋದು ಖಾತ್ರಿಯಾಯ್ತು. ಕಳ್ಳಬೇಟೆ ಅಷ್ಟನ್ನೂ ನುಂಗಿತ್ತು. ಆಗ ಎಣಿಸ್ತಿದ್ದದ್ದು ಹೆಜ್ಜೆಗುರುತು ನೋಡಿ, ಎಣಿಸ್ತಿದ್ದವರು ಕಾಡು ಕಾಯೋ ಇಲಾಖೆಯವರೇ. ತಾನು ಬರೆದ ಕೋಡನ್ನ ತಾನೇ ಟೆಸ್ಟ್ ಮಾಡಿ ಪಾಸ್ ಅಂದ ಹಾಗೆ. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ನೋಡಿ ಒಂದೊಂದೇ ಹುಲಿಯನ್ನ ಗುರುತಿಸಿ, ಕ್ಯಾಮೆರಾಗೆ ಬೀಳದವನ್ನೂ ಸೇರಿಸಿ ಅಂದಾಜು ಮಾಡೋ ದಾರಿ ತೋರಿಸಿದ್ದರು. ದೇಶದ ಎಣಿಕೆ ಅಂಥ ವಿಧಾನಕ್ಕೆ ಹೊರಳಿದ್ದು ಸರಿಸ್ಕಾ ಖಾಲಿಯಾದ ಮೇಲೆ.

ಎಣಿಕೆ ಸರಿಯಾದರೂ ಇನ್ನೊಂದು ತೊಡಕಿದೆ. ಹುಲಿ ಹೆಚ್ಚಾಗಿದ್ದು ಈ ದುಡ್ಡಿನಿಂದಲೇನಾ, ಇಲ್ಲಾ ಮಳೆ ಚೆನ್ನಾಗಿ ಬಂದು ಜಿಂಕೆ ಹೆಚ್ಚಾಗಿದ್ದಕ್ಕಾ? ದುಡ್ಡು ಸಿಗದ ಅಂಥದ್ದೇ ಮತ್ತೊಂದು ಕಾಡನ್ನ ಪಕ್ಕದಲ್ಲಿಟ್ಟು ನೋಡದೆ ಹೇಳೋಕಾಗಲ್ಲ. ಫೆರಾರೊ ಮತ್ತು ಪಟ್ಟನಾಯಕ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲೇ ಈ ಮಾತು ಎತ್ತಿದ್ದರು.

ಇದರಲ್ಲಿ ಸಂಸ್ಥೆಗಳದ್ದಷ್ಟೇ ತಪ್ಪು ಅನ್ನೋಕಾಗಲ್ಲ. ಆನೆ ಮರಿ ಹಾಕೋಕೇ ಸುಮಾರು 22 ತಿಂಗಳು ಬೇಕು. ದುಡ್ಡು ಕೊಟ್ಟವರು ಮಾರ್ಚ್ ಒಳಗೆ ಫಲಿತಾಂಶ ಕೇಳಿದರೆ ಸಿಗೋದು ಫೋಟೋನೇ.

ನಿಮ್ಮ ಕಂಪನಿಯ ಸಿಎಸ್‌ಆರ್ ದುಡ್ಡು ಕಾಡಿಗೆ ಹೋಗ್ತಿದ್ದರೆ ಮೂರು ಪ್ರಶ್ನೆ ಕೇಳಿ. ಕೆಲಸ ಶುರುವಾಗೋ ಮುಂಚೆ ಅಲ್ಲಿ ಪರಿಸ್ಥಿತಿ ಹೇಗಿತ್ತು? ಅಳೆದವರು ಯಾರು? ಮೂರು ವರ್ಷ ಬಿಟ್ಟು ಮತ್ತೆ ಅಳೆಯೋಕೆ ದುಡ್ಡು ಎತ್ತಿಟ್ಟಿದ್ದೀರಾ? ಮೀಟಿಂಗಲ್ಲಿ ಯಾರಿಗಾದರೂ ಸ್ವಲ್ಪ ಮುಜುಗರ ಆಗಬಹುದು, ಆಗಲಿ. ಸುಳ್ಳು ಲೆಕ್ಕದ ಬೆಲೆ ತೆರೋನು ಅಟ್ಟಣೆ ಮೇಲೆ ಕೂತು ರಾತ್ರಿಯೆಲ್ಲ ಹೊಲ ಕಾಯೋ ರೈತ.