ಆನೆ ಮೇಯುವ ಹೊತ್ತು

ಆಲಂಕಾರಿನಿಂದ ಕಡಬ ದಾಟಿ ಘಟ್ಟದ ಬುಡಕ್ಕೆ ಹೋದಂತೆ ಆನೆಯ ಸುದ್ದಿ ಇಲ್ಲದ ತೋಟ ಅಪರೂಪ. ಆದರೆ ಅಲ್ಲಿ ಆನೆ ಕಾಣಸಿಗುವುದು ಅದು ಹೋದ ಮೇಲೆಯೇ: ಸಿಗಿದು ಹಾಕಿದ ಬಾಳೆ, ಮಗುಚಿದ ಅಡಿಕೆ ಸಸಿ, ಕೆಸರಿನಲ್ಲಿ ನೀರು ತುಂಬಿ ನಿಂತ ಹೆಜ್ಜೆ. ರಾತ್ರಿ ಗರ್ನಾಲು ಸಿಡಿಸಿ ಅಟ್ಟುವವರಿಗೂ ಟಾರ್ಚಿನ ಬೆಳಕಲ್ಲಿ ಅದರ ಒಂದು ಮಗ್ಗುಲು ಕಂಡರೆ ಹೆಚ್ಚು. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರ ಜೀವ ತೆಗೆದ ಮೇಲಂತೂ ಆನೆಯೆಂದರೆ ಬರೀ ಭಯ. ಅಂಥ ಊರಿನವರು ಒಮ್ಮೆ ಘಟ್ಟ ಹತ್ತಿ ನಾಗರಹೊಳೆಗೆ, ಕಬಿನಿ ಹಿನ್ನೀರಿನ ಸಫಾರಿಗೆ ಹೋಗಬೇಕೆಂದು ನನ್ನ ಆಸೆ.

ಅದೂ ಏಪ್ರಿಲ್‌ ಹೊತ್ತಿಗೆ. ಕಬಿನಿಗೆ ಬೀಚನಹಳ್ಳಿಯಲ್ಲಿ ಅಣೆಕಟ್ಟು 1974ರಲ್ಲಿ ಆದಾಗ ಕಾಕನಕೋಟೆಯ ಕಾಡಿನ ದೊಡ್ಡ ಪಾಲು ಮುಳುಗಿತು. ಖೆಡ್ಡಾ ಮಾಡಿ ಆನೆ ಹಿಡಿಯುತ್ತಿದ್ದ ಸೀಮೆ ಅದು. ಬೇಸಿಗೆಯಲ್ಲಿ ನೀರು ಇಳಿದ ಜಾಗದಲ್ಲೆಲ್ಲ ಎಳೆಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿ ನಿಂತಿರುವಾಗ ಆ ಹಸಿರಿಗೆ ಹಿಂಡು ಹಿಂಡಾಗಿ ಆನೆಗಳು ಇಳಿದು ಬರುತ್ತವೆ, ಹಗಲು ಬೆಳಕಿನಲ್ಲಿ, ಯಾವ ಮರೆಯೂ ಇಲ್ಲದೆ.

ಮೇಯುವುದನ್ನು ನೋಡಬೇಕು. ಹುಲ್ಲು ಗಿಡ್ಡವಿದ್ದರೆ ಸೊಂಡಿಲಿಗೆ ಹಿಡಿತ ಸಿಗುವುದಿಲ್ಲ. ಆಗ ಆನೆ ಮುಂಗಾಲಿನ ಉಗುರಿನಿಂದ ಬುಡವನ್ನು ಮೆಲ್ಲಗೆ ಕೆರೆಯುತ್ತದೆ, ಎರಡು ಸಲ, ಮೂರು ಸಲ. ಸಡಿಲವಾದದ್ದನ್ನು ಸೊಂಡಿಲ ತುದಿಯಿಂದ ಗುಡ್ಡೆ ಮಾಡಿ, ಸುತ್ತಿ ಎತ್ತಿ, ಮಣ್ಣು ಉದುರಲೆಂದು ಕಾಲಿಗೆ ಪಟಪಟ ಬಡಿಯುತ್ತದೆ, ನಮ್ಮಲ್ಲಿ ನೇಜಿ ಕೀಳುವವರು ಕಟ್ಟನ್ನು ಕಾಲಿಗೆ ಬಡಿದಂತೆ. ಕೆಸರು ಹೋಯಿತೆಂದು ಖಾತ್ರಿಯಾದ ಮೇಲೆಯೇ ತುತ್ತು ಬಾಯಿಗೆ. ಅಷ್ಟು ದೊಡ್ಡ ದೇಹಕ್ಕೆ ಅಷ್ಟು ಚಿಕ್ಕ ತುತ್ತು, ಅದಕ್ಕೆ ಇಷ್ಟೊಂದು ಶ್ರದ್ಧೆ! ಪಕ್ಕದಲ್ಲಿ ಮರಿ ಇದ್ದರೆ ಅದರ ಸೊಂಡಿಲು ಇನ್ನೂ ಹೇಳಿದ ಮಾತು ಕೇಳುವುದಿಲ್ಲ. ಹಿಡಿದ ಹುಲ್ಲು ಜಾರಿ ಬೀಳುತ್ತದೆ, ಮತ್ತೆ ಹಿಡಿಯುತ್ತದೆ. ಕೊನೆಗೆ ಅಮ್ಮನ ಬಾಯಿಗೇ ಸೊಂಡಿಲು ಹಾಕಿ ತನ್ನ ಪಾಲು ತೆಗೆದುಕೊಳ್ಳುತ್ತದೆ. ತಾಯಿ ಬೇಡ ಅನ್ನುವುದಿಲ್ಲ.

ಹುಲಿ ಸಿಕ್ಕರೆ ಭಾಗ್ಯ, ಸರಿ. ಆದರೆ ಜೀಪುಗಳು ಹುಲಿಯ ಸುದ್ದಿಗೆ ಧೂಳೆಬ್ಬಿಸಿ ಓಡುವಾಗ ಇದನ್ನೆಲ್ಲ ಬಿಟ್ಟು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಸಾಧ್ಯವಾದರೆ ಸಂಜೆಯ ದೋಣಿ ಸಫಾರಿಯನ್ನೇ ಆರಿಸಿಕೊಳ್ಳಿ. ದಡದ ಹಿಂಡು ಕಂಡಲ್ಲಿ ಇಂಜಿನ್‌ ನಿಲ್ಲಿಸಲು ಚಾಲಕನಲ್ಲಿ ವಿನಂತಿಸಿಕೊಳ್ಳಿ, ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ.